ಹರಾಜು ಕೂಗುವವನ ಹಲ್ಲಿಗೆ ಐದು ಸಾಲು

ವರ್ಲಾ ಹಾಗ್ರುಡ್ ಅವರಿಗೆ ನಮ್ಮೂರಿನ ಅರ್ಧ ಜನ ಹಲ್ಲಿನಿಂದಲೇ ನೆನಪಿರುತ್ತಾರೆ. ದಿನಸಿ ಅಂಗಡಿಯಲ್ಲಿ ಎದುರಾದವರ ಹೆಸರು ಒಂದು ಗಳಿಗೆ ತಡವಾಗಿ ಹೊಳೆಯಬಹುದು. ಆದರೆ ಅವರ ಕೆಳದವಡೆಯಲ್ಲಿ ಏನು ನಡೆದಿದೆ, ಅದಕ್ಕೆ ವಿಮೆ ಕಂಪನಿ ಎಷ್ಟು ಸಲ ಇಲ್ಲವೆಂದು ಎಷ್ಟನೆಯ ಸಲ ಹೂಂ ಎಂದಿತು ಎಂಬುದು ಕೂಡಲೇ ನೆನಪಾಗುತ್ತದೆ. ಹಾಗೆಂದು ಹೊರಗೆ ಒಂದಕ್ಷರ ಬಾಯಿ ಬಿಡುವವರಲ್ಲ. ನಾನು ಹೇಳಹೊರಟಿರುವ ಸೆಲ್ಮರ್ ಲೊಕ್ಕೆನ್‌ನ ಹಲ್ಲಿನ ಕತೆಯನ್ನು ಸೆಲ್ಮರನೇ ಮೈಕಿನಲ್ಲಿ ಮುನ್ನೂರು ಜನರಿಗೆ ಹೇಳಿಯಾಗಿದೆ. ಆದ್ದರಿಂದ ಬರೆಯುವುದರಲ್ಲಿ ತಪ್ಪಿಲ್ಲ.

ನಮ್ಮೂರು ಹೆಗ್ಲಂಡ್, ಮಿನೆಸೋಟಾ ರಾಜ್ಯದ ವಾಯವ್ಯ ಮೂಲೆಯಲ್ಲಿ, ಸಕ್ಕರೆ ಬೀಟ್ ಬೆಳೆಯುವ ಬಯಲಿನ ನಡುವೆ ಇದೆ. ಊರಿಗೆ ಒಂದೇ ಹಲ್ಲಿನ ಆಸ್ಪತ್ರೆ, ಡಾಕ್ಟರ್ ಓರಿನ್ ಟ್ವೇಟ್ ಅವರದು. ವರ್ಲಾ ಅಲ್ಲಿ ಮೂವತ್ತೊಂದು ವರ್ಷದಿಂದ ಮುಂದಿನ ಮೇಜಿನಲ್ಲಿ ಕುಳಿತಿದ್ದಾರೆ. ಡಾಕ್ಟರು ಹಲ್ಲನ್ನು ನೋಡುತ್ತಾರೆ. ಎಲ್ಲೋ ದೂರದ ಊರಿನಲ್ಲಿ ಕುಳಿತ ವಿಮೆ ಕಂಪನಿಯ ಡಾಕ್ಟರು ಬರೀ ಎಕ್ಸ್‌ರೇ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದು ಬೇಕಾದಷ್ಟಿರುತ್ತದೆ. ಅದನ್ನು ನಾಲ್ಕೈದು ಸಾಲುಗಳಲ್ಲಿ ಬರೆದು ಕ್ಲೇಮಿನ ಜೊತೆ ಸೇರಿಸಿ ಕಳಿಸುವುದು ವರ್ಲಾ ಅವರ ಕೆಲಸ. ನಮ್ಮಲ್ಲಿ ಅದಕ್ಕೆ ವಿವರಣೆ ಎಂದಷ್ಟೇ ಹೆಸರು.

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದು ಎರಡು ವರ್ಷದ ಹಿಂದೆ. ಬೀಟ್ ಬೆಳೆಯುವ ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಕಲಿತದ್ದನ್ನೆಲ್ಲ ಒಂದೇ ಕಾಗದದಲ್ಲಿ ತೋರಿಸಬೇಕೆಂಬ ಆಸೆ ನನಗಿತ್ತು. ನನ್ನ ಮೊದಲ ವಿವರಣೆ ಒಂದೂವರೆ ಪುಟವಾಗಿತ್ತು. ವರ್ಲಾ ಕೆಂಪು ಪೆನ್ನು ಹಿಡಿದು ಕುಳಿತರು. ಅವರು ಏಳುವ ಹೊತ್ತಿಗೆ ಎರಡು ಸಾಲು ಉಳಿದಿತ್ತು.

"ಮಾರ್ನಿ, ಇದನ್ನ ಓದೋ ಡಾಕ್ಟರು ಬೆಳಿಗ್ಗೆಯಿಂದ ನೂರು ಬಾಯಿ ನೋಡಿರ್ತಾನೆ. ಯಾವ ಹಲ್ಲು, ಎಷ್ಟು ಉಳಿದಿದೆ, ಬೇರೆ ದಾರಿ ಯಾಕಿಲ್ಲ. ಇಷ್ಟು ಹೇಳಿ ಅವನನ್ನ ಊಟಕ್ಕೆ ಬಿಡು" ಎಂದರು. ಆಮೇಲೆ ಕನ್ನಡಕ ಕೆಳಗಿಳಿಸಿ, "ಅಸಹನೀಯ ಯಾತನೆ ಅಂತ ಬರ್ದಿದೀಯಲ್ಲ, ಅದನ್ನ ಎಲ್ಲಿ ನೋಡ್ದೆ?" ಎಂದು ಕೇಳಿದರು.

"ನೋಡ್ಲಿಲ್ಲ. ಆದ್ರೆ ಪಾಪ ಅನ್ನಿಸ್ತು."

"ಪಾಪಕ್ಕೆ ವಿಮೆಯೋರ ಪಟ್ಟಿಯಲ್ಲಿ ಕೋಡ್ ಇಲ್ಲ ಕಣೇ."

ಇದು ಅವರ ಮೊದಲ ಪಾಠ. ಎರಡನೆಯದು ಇನ್ನೂ ಬಿಗಿಯಾದದ್ದು. ಡಾಕ್ಟರು ಚಾರ್ಟಿನಲ್ಲಿ, ಅಂದರೆ ರೋಗಿಯ ದಾಖಲೆಯಲ್ಲಿ, ಬರೆಯದೇ ಇರುವ ಒಂದು ಮಾತೂ ವಿವರಣೆಯಲ್ಲಿ ಇರಬಾರದು. ಬರೆದು ಮುಗಿದ ಚಾರ್ಟನ್ನು ಆಮೇಲೆ ಯಾರೂ ತಿದ್ದಬಾರದು.

ನಮ್ಮ ಸೀಮೆಯಲ್ಲಿ ಈ ಎರಡನೆಯ ಪಾಠವನ್ನು ಪಾಲಿಸುವುದು ಬಹಳ ಕಷ್ಟ. ಯಾಕೆಂದರೆ ಇಲ್ಲಿ ಎಲ್ಲರ ನಾಲಿಗೆಯ ತುದಿಯಲ್ಲಿ ಒಂದೇ ಮಾತು, ಪರವಾಗಿಲ್ಲ. ಕೊಟ್ಟಿಗೆ ಸುಟ್ಟುಹೋದವನೂ ಪರವಾಗಿಲ್ಲ ಎನ್ನುತ್ತಾನೆ, ಮಗಳ ಮದುವೆಯಲ್ಲಿ ಕುಣಿದವನೂ ಪರವಾಗಿಲ್ಲ ಎನ್ನುತ್ತಾನೆ. ಕಾಫಿ ಬೇಕೇ ಎಂದು ಕೇಳಿದರೆ ಎರಡು ಸಲ ಬೇಡ ಎಂದು ಮೂರನೆಯ ಸಲ ಅರ್ಧ ಲೋಟ ಒಪ್ಪಿಕೊಳ್ಳುವುದು ಮರ್ಯಾದೆ. ಮೊದಲ ಸಲವೇ ಹೂಂ ಎಂದವನ ತಾಯಿ ಯಾರೆಂದು ಜನ ವಿಚಾರಿಸುತ್ತಾರೆ. ನೋವಿದೆಯೇ ಎಂದು ಡಾಕ್ಟರು ಕೇಳಿದಾಗಲೂ ಇದೇ ಮರ್ಯಾದೆ ನಡೆಯುತ್ತದೆ. ಡಾಕ್ಟರು ಟ್ವೇಟ್ ಕೂಡ ಇದೇ ಮಣ್ಣಿನವರು. ಗುಂಡಿ ಬಿದ್ದ ಹಲ್ಲನ್ನು ಅವರು "ಸ್ವಲ್ಪ ಹುಳುಕು" ಎಂದು ಬರೆಯುತ್ತಾರೆ. ವರ್ಲಾ ಪ್ರತಿದಿನ ಚಾರ್ಟು ಹಿಡಿದು ಒಳಗೆ ಹೋಗಿ, "ಸ್ವಲ್ಪ ಅಂದ್ರೆ ಎಷ್ಟು ಡಾಕ್ಟ್ರೇ? ಬಟಾಣಿಯಷ್ಟಾ, ಸಾಸಿವೆಯಷ್ಟಾ?" ಎಂದು ಕೇಳಿ, ರೋಗಿ ಕುರ್ಚಿಯಲ್ಲಿ ಇರುವಾಗಲೇ ಅಳತೆ ಬರೆಸಿಕೊಂಡು ಬರುತ್ತಾರೆ.

ಕಳೆದ ಜನವರಿಯಲ್ಲಿ ವರ್ಲಾ ತಂಗಿಯ ಮಂಡಿ ಶಸ್ತ್ರಚಿಕಿತ್ಸೆಗೆಂದು ಫಾರ್ಗೋ ಊರಿಗೆ ಹೋಗಿ ಆರು ವಾರ ರಜೆಯಲ್ಲಿದ್ದರು. ಆಗಲೇ ಸೆಲ್ಮರ್ ಬಂದ.

ಸೆಲ್ಮರ್ ನಲವತ್ತೊಂದು ವರ್ಷದಿಂದ ಹರಾಜು ಕೂಗುತ್ತಿದ್ದಾನೆ. ಸುತ್ತಲ ಮೂರು ಜಿಲ್ಲೆಗಳಲ್ಲಿ ಮಾರಿದ ಟ್ರ್ಯಾಕ್ಟರು, ನೇಗಿಲು, ಹಸು, ಅಜ್ಜಿಯ ಹೊಲಿಗೆ ಯಂತ್ರ ಎಲ್ಲವೂ ಅವನ ಬಾಯಿಂದ ದಾಟಿ ಹೋಗಿವೆ. ಆ ಬಾಯಲ್ಲಿ ಮೇಲಿನ ಎಡಭಾಗದ ಕೋರೆಹಲ್ಲಿನ ಹಿಂದೆ ಒಂದು ಹಲ್ಲಿದೆ. ಅವನ ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೊಕ್ಕೆ ಅದಕ್ಕೇ ತಗುಲಿಕೊಂಡಿದೆ. ರಾತ್ರಿಯಿಡೀ ಪಿಕಪ್ ಗಾಡಿಯಲ್ಲಿ ಚಳಿಗೆ ಕಲ್ಲಾಗಿದ್ದ ಕಡಲೆಬೀಜದ ಮಿಠಾಯಿಯನ್ನು ಬೆಳಿಗ್ಗೆ ಕಚ್ಚಿದಾಗ ಆ ಹಲ್ಲು ಸೀಳಿತು. ಡಾಕ್ಟರು ನೋಡಿ ಚಾರ್ಟಿನಲ್ಲಿ ಬರೆದರು: "ಸಣ್ಣ ಬಿರುಕು. ರೋಗಿ ಪರವಾಗಿಲ್ಲ ಎನ್ನುತ್ತಾರೆ. ಕ್ಯಾಪ್ ಹಾಕಿದರೆ ಒಳ್ಳೆಯದು."

ನಾನು ಎರಡನೆಯ ಪಾಠವನ್ನು ಅಕ್ಷರಶಃ ಪಾಲಿಸಿದೆ. ಒಳಗೆ ಹೋಗಿ ಬಟಾಣಿಯೋ ಸಾಸಿವೆಯೋ ಎಂದು ಕೇಳಲಿಲ್ಲ. ಚಾರ್ಟಿನಲ್ಲಿದ್ದದ್ದನ್ನು ಹಾಗೆಯೇ ಬರೆದು, ಕ್ಯಾಪಿಗೆ ಮುಂಗಡವಾಗಿ ಒಪ್ಪಿಗೆ ಕೇಳಿ ಕಳಿಸಿದೆ. ನಾಲ್ಕು ವಾರಕ್ಕೆ ಉತ್ತರ ಬಂತು. ಬಿರುಕು ಸಣ್ಣದು, ರೋಗಿಗೆ ತೊಂದರೆಯಿಲ್ಲ, ಆದ್ದರಿಂದ ಕ್ಯಾಪಿನ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ನನ್ನ ಮಾತನ್ನೇ ನನಗೆ ತಿರುಗಿಸಿ ಕಳಿಸಿದ್ದರು.

ಫೋನಿನಲ್ಲಿ ತಿಳಿಸಿದಾಗ ಸೆಲ್ಮರ್ ಸ್ವಲ್ಪವೂ ಬೇಸರ ತೋರಿಸಲಿಲ್ಲ. "ಪರವಾಗಿಲ್ಲ ಬಿಡಮ್ಮ. ಓದಿದೋರು ನೋಡಿ ಬೇಡ ಅಂದ್ಮೇಲೆ ಬೇಡ. ಜಾಸ್ತಿ ಆದ್ರೆ ಕೀಳಿಸಿಬಿಟ್ರಾಯ್ತು" ಎಂದ.

ಹತ್ತು ನಿಮಿಷಕ್ಕೆ ಅವನ ಹೆಂಡತಿ ಅರ್ಡಿಸ್ ಫೋನು ಮಾಡಿದಳು. ದನಿ ತಗ್ಗಿಸಿ ಮಾತಾಡುತ್ತಿದ್ದಳು, ಹಿಂದೆ ಬಟ್ಟೆ ಒಗೆಯುವ ಯಂತ್ರದ ಸದ್ದು.

"ನೋಡಮ್ಮ, ಅವ್ನ ಮಾತು ಕೇಳ್ಬೇಡಿ. ಆ ಹಲ್ಲು ಹೋದ್ರೆ ಸೆಟ್ಟು ನಿಲ್ಲಲ್ಲ. ಸೆಟ್ಟಿಲ್ದೆ ಸಾವಿರ ಅನ್ನೋಕೆ ಹೋದ್ರೆ ಬರೀ ಸೀಟಿ ಬರುತ್ತೆ. ಸ್ನಾನದ ಮನೇಲಿ ಕೂಗಿ ನೋಡ್ಕೊಂಡು ಬಂದ. ಏಪ್ರಿಲಲ್ಲಿ ಊರ ಹರಾಜಿದೆಯಲ್ಲ, ಅದಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಅದನ್ನ ನಡೆಸೋ ಸಂಘದೋರಿಗೆ ಹೇಳ್ತಾನಂತೆ. ಮೈಕು ಒರೆಸಿ ಡಬ್ಬಿಗೆ ಹಾಕಿಟ್ಟಿದಾನೆ."

"ನೋವಿದೆಯಾ ಅವ್ರಿಗೆ?"

"ಬುಧವಾರದಿಂದ ಸೂಪು ಕುಡೀತಿದಾನೆ. ಕೇಳಿದ್ರೆ ಸೂಪು ಇಷ್ಟ ಅಂತಾನೆ!"

ಮಾರ್ಚ್ ತಿಂಗಳ ಮೊದಲ ಸೋಮವಾರ ವರ್ಲಾ ಕೆಲಸಕ್ಕೆ ಮರಳಿದರು. ಕೋಟು ಬಿಚ್ಚುವ ಮೊದಲೇ ನಾನು ತಿರಸ್ಕಾರದ ಪತ್ರವನ್ನೂ ನಾನು ಬರೆದಿಟ್ಟಿದ್ದ ಮರುವಿವರಣೆಯನ್ನೂ ಮುಂದಿಟ್ಟೆ. ಅರ್ಧ ಹಲ್ಲು ಇಲ್ಲವೆಂದೂ ರೋಗಿಗೆ ಅನ್ನಾಹಾರ ಸೇರುತ್ತಿಲ್ಲವೆಂದೂ ಅದರಲ್ಲಿ ಬರೆದಿದ್ದೆ.

"ಅರ್ಧ ಇಲ್ಲ ಅಂತ ಯಾರು ಹೇಳಿದ್ರು?"

"ಅರ್ಡಿಸ್ ಹೇಳಿದ್ದು ನೋಡಿದ್ರೆ ಹಾಗನ್ಸುತ್ತೆ."

"ಆ ಹಲ್ಲು ಅರ್ಡಿಸ್ ಬಾಯಲ್ಲಿಲ್ವಲ್ಲ ಮಗಳೇ." ಪತ್ರವನ್ನು ಎರಡು ಸಲ ಓದಿ, "ಕಂಪನಿಯೋರದು ತಪ್ಪಿಲ್ಲ. ನಾವು ಪರವಾಗಿಲ್ಲ ಅಂತ ಬರೆದ್ವಿ, ಅವ್ರು ನಂಬಿದ್ರು. ಹೊರಗಿನೋರಿಗೆ ನಮ್ಮ ಪರವಾಗಿಲ್ಲ ಎಷ್ಟು ಭಾರ ಅಂತ ಹೇಗೆ ಗೊತ್ತಾಗ್ಬೇಕು? ಸೆಲ್ಮರನ್ನ ಕರ್ಸು. ಡಾಕ್ಟ್ರು ಇನ್ನೊಂದ್ಸಲ ನೋಡ್ಲಿ, ಇವತ್ತಿನ ತಾರೀಕು ಹಾಕಿ ಹೊಸದಾಗಿ ಬರೀಲಿ" ಎಂದರು.

ಗುರುವಾರ ಸೆಲ್ಮರ್ ಬಂದ. ಹೆಂಡತಿ ತಳ್ಳಿ ಕಳಿಸಿದ್ದಳೆಂದು ಟೋಪಿ ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ವರ್ಲಾ ಮತ್ತು ಅವನು ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಓದಿದವರು.

"ಕಾಫಿ ಕುಡೀತೀಯಾ?"

"ಬೇಡ ಬೇಡ."

"ಮಾಡಿದ್ದಿದೆ."

"ಯಾಕೆ ಸುಮ್ನೆ ತೊಂದ್ರೆ."

"ಚೆಲ್ಲೋದು ತಾನೇ, ತಗೋ."

"ಹಾಗಾದ್ರೆ ಅರ್ಧ ಲೋಟ." ಲೋಟ ತೆಗೆದುಕೊಂಡು, ಆರುವವರೆಗೆ ಕೈಯಲ್ಲೇ ಹಿಡಿದುಕೊಂಡ. ಬಿಸಿಯನ್ನು ಆ ಹಲ್ಲು ತಾಳುತ್ತಿರಲಿಲ್ಲ.

ಅವನನ್ನು ಒಳಗೆ ಕುರ್ಚಿಯಲ್ಲಿ ಮಲಗಿಸಿದ ಮೇಲೆ ಡಾಕ್ಟರು ಕೈಗವಸು ಹಾಕಿಕೊಂಡರು. ಚಾರ್ಟು ಬರೆದುಕೊಳ್ಳಲು ನಾನು ನಿಂತೆ. ವರ್ಲಾ ಬಾಗಿಲಿಗೆ ಒರಗಿದರು.

"ಹಲ್ಲು ಹೇಗಿದೆ ಸೆಲ್ಮರ್?" ಡಾಕ್ಟರು ಕೇಳಿದರು.

"ಪರವಾಗಿಲ್ಲ ಡಾಕ್ಟ್ರೇ."

"ತಣ್ಣೀರು ಕುಡಿದ್ರೆ?"

"ಗೊತ್ತಾಗುತ್ತೆ. ಅಷ್ಟೇನಿಲ್ಲ."

"ಅಗಿಯೋವಾಗ?"

"ಈ ಕಡೆ ಇದೆಯಲ್ಲ, ಈ ಕಡೆಯಿಂದ ಅಗೀತೀನಿ. ದೇವ್ರು ಎರಡು ಕಡೆ ಕೊಟ್ಟಿದಾನೆ."

ಮೂರನೆಯ ಸಲ ಕೇಳಿದ ಮೇಲೂ ನಿಜ ಹೊರಬರಲಿಲ್ಲ. ನನ್ನ ಕಾಗದದಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಡಾಕ್ಟರು ಕನ್ನಡಿ ಕೈಗೆತ್ತಿಕೊಳ್ಳುವಷ್ಟರಲ್ಲಿ ವರ್ಲಾ, "ಒಂದ್ನಿಮಿಷ ಡಾಕ್ಟ್ರೇ" ಎಂದು ಒಳಗೆ ಬಂದರು.

"ಸೆಲ್ಮರ್, ನಮ್ಮೆಜಮಾನ್ರು ಗೆರ್ಹಾರ್ಡ್ ತೀರ್ಕೊಂಡ ವರ್ಷ ನೀನು ಅವ್ರ ಟ್ರ್ಯಾಕ್ಟರು ಮಾರಿದ್ದು ನೆನಪಿದೆಯಾ?"

"ನೆನಪಿಲ್ದೆ. ಹಸಿರು ಬಣ್ಣದ್ದು."

"ಕೂಗೋಕೆ ಮೊದ್ಲು ಏನ್ಮಾಡ್ದೆ?"

"ಎಲ್ಲಾರೂ ಮಾಡೋದೇ. ದೋಷ ಹೇಳ್ದೆ. ಎಡಗಡೆ ಬ್ರೇಕು ಹಿಡಿಯಲ್ಲ, ಎಣ್ಣೆ ಸೋರುತ್ತೆ, ಎರಡನೇ ಗೇರು ಬೀಳ್ಬೇಕಾದ್ರೆ ಬೈಬೇಕು."

"ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ನಂಗೆ ಬೇಜಾರಾಗುತ್ತೆ ಅಂತ ಒಂದನ್ನಾದ್ರೂ ಮುಚ್ಚಿಟ್ಯಾ?"

ಸೆಲ್ಮರ್ ಕುರ್ಚಿಯಲ್ಲೇ ಅರ್ಧ ಎದ್ದು ಕುಳಿತ. "ಮುಚ್ಚಿಡೋದಾ? ಇರೋ ದೋಷ ಹೇಳ್ದೆ ಮಾರಿದ್ರೆ ಅದು ಹರಾಜಲ್ಲ ವರ್ಲಾ, ಕಳ್ಳತನ!"

"ಸರಿ. ಈಗ ಆ ಹಲ್ಲನ್ನ ಹರಾಜಿಗೆ ಇಟ್ಟಿದೀನಿ ಅನ್ಕೋ. ಮುಂದೆ ಜನ ನಿಂತಿದಾರೆ. ಕೂಗೋಕೆ ಮೊದ್ಲು ಏನೇನು ಹೇಳ್ಬೇಕೋ ಹೇಳು."

ಅವನು ಡಾಕ್ಟರನ್ನು ನೋಡಿದ, ನನ್ನನ್ನು ನೋಡಿದ, ಚಾವಣಿಯ ದೀಪವನ್ನು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ. ಅದುವರೆಗೆ ಕುರ್ಚಿಯಲ್ಲಿ ಮಲಗಿದ್ದ ರೋಗಿ ಹೋಗಿ ಹರಾಜಿನ ಕಟ್ಟೆಯ ಸೆಲ್ಮರ್ ಬಂದು ಕುಳಿತ.

"ಬನ್ನಿ ಸ್ವಾಮಿ ಬನ್ನಿ, ಒಂದು ಹಲ್ಲು, ಒಬ್ಬನೇ ಯಜಮಾನ, ಅರವತ್ತು ವರ್ಷದ ಹಳೇ ಮಾಲು! ದೋಷ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ಕೇಳ್ಬಾರ್ದು. ಒಳಗಡೆ ಗೋಡೆ ಬಿದ್ದುಹೋಗಿದೆ. ಜನವರಿಯಲ್ಲಿ ಒಂದು ಚೂರು ಹೋಯ್ತು, ಹೋದ ಭಾನುವಾರ ಚರ್ಚಿನ ಊಟದಲ್ಲಿ ಇನ್ನೊಂದು ಚೂರು ಆಲೂಗಡ್ಡೆ ಜೊತೆ ಹೊಟ್ಟೆಗೆ ಹೋಯ್ತು. ತಣ್ಣೀರು ಬಿದ್ರೆ ಮಿಂಚು ಹೊಡೆದಂಗಾಗಿ ಹತ್ತು ಎಣಿಸೋದ್ರೊಳಗೆ ಹೋಗುತ್ತೆ. ಆ ಕಡೆ ಬ್ರೆಡ್ಡು ಕೂಡ ಅಗಿಯೋಕಾಗಲ್ಲ, ಎರಡು ತಿಂಗಳಾಗ್ತಾ ಬಂತು. ಕೊಕ್ಕೆ ಹಾಕೋವಾಗ ದಿನಾ ಬೆಳಿಗ್ಗೆ ನಾಲಿಗೆ ಕಚ್ಕೋತೀನಿ. ಇದು ಹೋದ್ರೆ ಇಡೀ ಸೆಟ್ಟು ಹೋದಂಗೆ, ಸೆಟ್ಟು ಹೋದ್ರೆ..."

ಅಲ್ಲಿಗೆ ನಿಂತ.

"ಹೋದ್ರೆ?" ವರ್ಲಾ ಕೇಳಿದರು.

"ಕೂಗೋನು ಹೋದಂಗೆ" ಎಂದು ಮೆಲ್ಲಗೆ ಹೇಳಿ ಮತ್ತೆ ಮಲಗಿಕೊಂಡ.

ನಾನು ಬರೆದು ಬರೆದು ಕೈ ನೋಯಿಸಿಕೊಂಡಿದ್ದೆ. ಡಾಕ್ಟರು ಕನ್ನಡಿ ಒಳಗಿಟ್ಟರು, ಕಡ್ಡಿಯಿಂದ ಆಳ ಅಳೆದರು, ಸಣ್ಣ ಕ್ಯಾಮೆರಾದಿಂದ ಎರಡು ಫೋಟೋ ತೆಗೆದರು. ಆಮೇಲೆ, "ಜನವರಿಯಲ್ಲಿ ಇದನ್ನ ಯಾಕಯ್ಯಾ ಹೇಳ್ಲಿಲ್ಲ?" ಎಂದರು.

"ನೀವು ನೋವಿದೆಯಾ ಅಂದ್ರಿ. ದೋಷ ಹೇಳು ಅನ್ಲಿಲ್ವಲ್ಲ."

ಅಂದೇ ವರ್ಲಾ ವಿವರಣೆ ಬರೆದರು. ಐದು ಸಾಲು. ಹನ್ನೆರಡನೆಯ ಹಲ್ಲಿನ ಒಳಗೋಡೆ ಮುರಿದಿದೆ, ಮುರಿತ ಒಸಡಿನೊಳಕ್ಕೆ ಒಂದು ಮಿಲಿಮೀಟರ್ ಇಳಿದಿದೆ. ಹಳೆಯ ಫಿಲ್ಲಿಂಗ್ ಬಿಟ್ಟರೆ ಉಳಿದ ಸ್ವಂತ ಹಲ್ಲು ಅರ್ಧಕ್ಕಿಂತ ಕಡಿಮೆ. ಬಿರುಕು ಎಕ್ಸ್‌ರೇಯಲ್ಲಿ ಕಾಣದು, ಫೋಟೋ ಎರಡು ಜೊತೆಗಿವೆ, ಜನವರಿಯ ಪರೀಕ್ಷೆಯ ನಂತರ ಇನ್ನೊಂದು ಚೂರು ಬಿದ್ದಿದೆ. ತಣ್ಣೀರಿನ ನೋವು ಹತ್ತು ಕ್ಷಣದೊಳಗೆ ನಿಲ್ಲುವುದರಿಂದ ಬೇರು ಉಳಿಯುವಂತಿದೆ, ಮತ್ತೆ ಫಿಲ್ಲಿಂಗ್ ಮಾಡಿದರೆ ಹಿಡಿದುಕೊಳ್ಳಲು ಗೋಡೆಯಿಲ್ಲ. ಕಟ್ಟಿಸಿದ ಸೆಟ್ಟಿಗೆ ಆಧಾರ ಇದೇ ಹಲ್ಲು, ಇದಕ್ಕೆ ಹಿಂದೆಂದೂ ಕ್ಯಾಪ್ ಹಾಕಿಲ್ಲ.

ಓದಿ ನೋಡಿದರೆ ನನ್ನ ಸುಳ್ಳುವಿವರಣೆಗಿಂತ ನಿಜವೇ ಹೆಚ್ಚು ಭಯಂಕರವಾಗಿತ್ತು.

"ಹರಾಜು ಕೂಗೋನು ಅಂತ ಸೇರಿಸೋಣ್ವಾ?" ಎಂದೆ.

"ಅದು ನಮಗೆ ಮುಖ್ಯ, ಅರ್ಡಿಸ್‌ಗೆ ಮುಖ್ಯ. ಕಂಪನಿಯೋರು ಕೇಳೋದು ಹಲ್ಲಿನ ಸುದ್ದಿ. ಕೇಳಿದ್ದಕ್ಕೆ ಉತ್ತರ ಕೊಡು." ಲಕೋಟೆಯ ಮೇಲೆ ಅಂಗೈ ಒತ್ತಿ, "ಇನ್ನೇನು, ನಾವು ಹೇಳಿದ್ದಾಯ್ತು" ಎಂದರು.

ಹನ್ನೆರಡು ದಿನ ಸುದ್ದಿಯಿಲ್ಲ. ಹರಾಜಿಗೆ ನಾಲ್ಕು ವಾರ ಉಳಿದಿತ್ತು. ಕ್ಯಾಪು ತಯಾರಾಗಿ ಬರಲು ಎರಡು ವಾರ ಬೇಕು. ನಾನು ದಿನಕ್ಕೆ ನಾಲ್ಕು ಸಲ ಕಂಪ್ಯೂಟರ್ ನೋಡುತ್ತಿದ್ದೆ. ವರ್ಲಾ ನೋಡುತ್ತಿರಲಿಲ್ಲ, ಆದರೆ ಟಪಾಲಿನ ಗಾಡಿ ಬಂದರೆ ಅವರೇ ಮೊದಲು ಏಳುತ್ತಿದ್ದರು.

ಹದಿಮೂರನೆಯ ದಿನ ಫೋನು ಬಂತು. ವಿಮೆ ಕಂಪನಿಯ ಡಾಕ್ಟರು, ಒಬ್ಬ ಹೆಂಗಸು, ನಮ್ಮ ಡಾಕ್ಟರ ಜೊತೆ ಮಾತಾಡಬೇಕೆಂದರು. ಡಾಕ್ಟರು ಟ್ವೇಟ್ ಮುಂದಿನ ಮೇಜಿಗೆ ಬಂದು ನಿಂತೇ ಫೋನು ಹಿಡಿದರು. ಆ ಕಡೆಯ ಪ್ರಶ್ನೆ ನಮಗೂ ಕೇಳಿಸುತ್ತಿತ್ತು. ವಿವರಣೆ ಓದಿದ್ದೇನೆ, ಫೋಟೋ ನೋಡಿದ್ದೇನೆ, ಜನವರಿಯಲ್ಲಿ ನೀವೇ ಸಣ್ಣ ಬಿರುಕು ಎಂದಿದ್ದಿರಿ, ಈಗ ನಿಮ್ಮ ಅಭಿಪ್ರಾಯವೇನು?

ಡಾಕ್ಟರು ಕತ್ತು ಕೆರೆದುಕೊಂಡರು. "ಹಾಂ... ಈಗ... ಅಷ್ಟೇನೂ..."

ವರ್ಲಾ ಕೆಮ್ಮಲಿಲ್ಲ, ಕೈಸನ್ನೆ ಮಾಡಲಿಲ್ಲ. ಮೇಜಿನ ಮೇಲಿದ್ದ ಚಾರ್ಟನ್ನು ಮೆಲ್ಲಗೆ ಅವರ ಕಡೆಗೆ ತಿರುಗಿಸಿ, ಅವರದೇ ಕೈಬರಹದ ಅಳತೆಯ ಮೇಲೆ ಬೆರಳಿಟ್ಟರು.

ಡಾಕ್ಟರು ಬೆರಳನ್ನು ನೋಡಿದರು. ಕಣ್ಣು ಮುಚ್ಚಿ ತಣ್ಣನೆಯ ಕೆರೆಗೆ ಹಾರುವವರಂತೆ ಉಸಿರೆಳೆದುಕೊಂಡರು.

"ಕೆಟ್ಟಿದೆ" ಎಂದರು. "ಗೋಡೆ ಪೂರ್ತಿ ಬಿದ್ದಿದೆ. ಜನವರಿಯಲ್ಲಿ ನಾನು ಕಮ್ಮಿ ಬರೆದೆ, ಅದು ನನ್ನ ತಪ್ಪು. ಕ್ಯಾಪ್ ಹಾಕದಿದ್ರೆ ಆ ಹಲ್ಲು ಬೇಸಿಗೆ ನೋಡಲ್ಲ."

ಫೋನಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಕನ್ನಡಕ ತೆಗೆದು ಒರೆಸಿಕೊಂಡರು. "ಜಾಸ್ತಿ ಹೇಳಿಬಿಟ್ನಾ ವರ್ಲಾ?"

"ಸರಿಯಾಗಿ ಹೇಳಿದ್ರಿ ಡಾಕ್ಟ್ರೇ. ಕಾಫಿ ಕುಡೀತೀರಾ?"

"ಕುಡೀತೀನಿ" ಎಂದರು, ಮೊದಲ ಸಲಕ್ಕೇ. ನಾವಿಬ್ಬರೂ ಗಾಬರಿಯಾದೆವು.

ಅದೇ ವಾರ ಮಂಜೂರಾತಿ ಬಂತು. ನಾನು ಸೆಲ್ಮರನಿಗೆ ಫೋನು ಮಾಡಿದರೆ, "ಓ, ಪರವಾಗಿಲ್ವೇ" ಎಂದ. ಹಿಂದೆ ಅರ್ಡಿಸ್ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟುವುದು ಕೇಳಿಸಿತು. ಹಳೆಯ ಕೊಕ್ಕೆಗೇ ಹೊಂದುವಂತೆ ಮಾಡಿದ ಕ್ಯಾಪನ್ನು ಹರಾಜಿಗೆ ಐದು ದಿನ ಮುಂಚೆ ಕೂರಿಸಿದೆವು. ಕುರ್ಚಿಯಿಂದ ಇಳಿಯುವ ಮೊದಲು ಅವನು "ಸಾವಿರ, ಸಾವಿರದಿನ್ನೂರು, ಸಾವಿರದೈನೂರು" ಎಂದು ಹೇಳಿ ನೋಡಿಕೊಂಡ. ಸೀಟಿ ಬರಲಿಲ್ಲ.

ಏಪ್ರಿಲ್ ಹರಾಜಿಗೆ ಸುತ್ತಲ ಊರಿನವರು ತಮಗೆ ಬೇಡವಾದದ್ದನ್ನೆಲ್ಲ ತಂದು ಹಾಕುತ್ತಾರೆ. ಈ ಸಲ ಡಾಕ್ಟರು ಟ್ವೇಟ್ ತಮ್ಮ ಹಳೆಯ ಕುರ್ಚಿಯೊಂದನ್ನು ಕಳಿಸಿದ್ದರು. ಅದಕ್ಕೆ ಕಟ್ಟಿದ ಚೀಟಿಯನ್ನು ಬರೆದವರು ವರ್ಲಾ. ಕೆಸರಿನ ಬೂಟು ಹಾಕಿಕೊಂಡು ಮುನ್ನೂರು ಜನ ನಿಂತಿದ್ದರು. ಸೆಲ್ಮರ್ ಗಾಡಿಯ ಮೇಲೆ ಹತ್ತಿ, ಮೈಕು ಹಿಡಿದು ಚೀಟಿ ಓದಿದ.

"ಹಲ್ಲಿನ ಡಾಕ್ಟ್ರ ಕುರ್ಚಿ, ಒಂದು. ಬಲಗೈ ಅಲ್ಲಾಡುತ್ತೆ. ಕೆಳಗಿಳಿದ್ರೆ ಮೇಲೇಳೋಕೆ ಮೂರು ಸಲ ಒತ್ಬೇಕು. ಹಿಂದುಗಡೆ ನಾಲ್ಕಂಗುಲ ಹರಿದಿದೆ, ಅಳತೆ ಮಾಡಿದೆ." ಜನ ನಕ್ಕರು. ಅವನು ಚೀಟಿ ಮಡಿಸಿ ಜೇಬಿಗಿಟ್ಟ. "ಚೀಟಿಯಲ್ಲಿಲ್ದೆ ಇರೋ ದೋಷ ಇನ್ನೊಂದಿದೆ, ಹೇಳ್ದಿದ್ರೆ ತಪ್ಪಾಗುತ್ತೆ. ಈ ಕುರ್ಚಿ ಮೇಲೆ ಕೂತೋರು ಒಬ್ಬರೂ ಇಪ್ಪತ್ತು ವರ್ಷದಿಂದ ನಿಜ ಹೇಳಿಲ್ಲ. ನಾನೂ ಸೇರಿ!" ಎಂದು ಶುರುಮಾಡಿ, ಮಿಠಾಯಿಯಿಂದ ಹಿಡಿದು ಸೂಪಿನವರೆಗೆ, ತನ್ನ ಹಲ್ಲಿನ ಕತೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಕೂಗಿಗಿಳಿದ.

ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಯ ಮೇಲೆ ಮೀನು ಹಿಡಿಯಲು ಹಾಕುವ ಗುಡಿಸಲಿಗೆಂದು ಒಬ್ಬ ಅದನ್ನು ಎಪ್ಪತ್ತು ಡಾಲರಿಗೆ ಕೊಂಡ. ಪಿಕಪ್ಪಿಗೆ ಏರಿಸಲು ನಾಲ್ಕು ಜನ ಬೇಕಾದರು. ವರ್ಲಾ ನನ್ನ ಪಕ್ಕದಲ್ಲಿ ನಿಂತು, ಕೈಯಲ್ಲಿ ಆರುತ್ತಿದ್ದ ಕಾಫಿಯನ್ನೂ ಮರೆತು, ಸೆಲ್ಮರ್ ಮುಂದಿನ ಮಾಲಿಗೆ ಹೋಗುವುದನ್ನು ನೋಡುತ್ತಿದ್ದರು.

"ಕುರ್ಚಿಯ ಆ ಕೊನೇ ದೋಷ ನೀವು ಬರೀಲಿಲ್ವಲ್ಲ?" ಎಂದೆ.

"ಅದು ಚಾರ್ಟಲ್ಲಿರ್ಲಿಲ್ಲ" ಎಂದರು.